ಹಳೆಯ ಸೋನೋಸ್ ಸ್ಪೀಕರ್‌ಗಳು: ಟಿವಿಗೂ ಬೇಕು, ಹಾಡಿಗೂ ಬೇಕು

ಪ್ರಶ್ನೆ: ಮನೆಯಲ್ಲಿ ಸೋನೋಸ್ ಪ್ಲೇ:1 ಎರಡಿವೆ. ಮೊದಲ ತಲೆಮಾರಿನ ಪ್ಲೇ:5 ಒಂದಿದೆ. ಈಗ ಟಿವಿಗೆ ಹೋಂ ಥಿಯೇಟರ್ ಮಾಡಿಸಬೇಕು. ಅಮ್ಮನಿಗೆ ಬೆಳಿಗ್ಗೆ ಸಂಗೀತ ಕಚೇರಿಯೂ ಚೆನ್ನಾಗಿ ಕೇಳಬೇಕು. ಎಲ್ಲ ಮಾರಿ ಹೊಸ ಸೆಟ್ ತಗೊಳ್ಳಲಾ? ಅನುಭವ ಇದ್ದವರು ಹೇಳಿ.

ಉತ್ತರ 1: ಸರ್, ದಯವಿಟ್ಟು ಪ್ಲೇ:1 ಮಾರಬೇಡಿ. ನಮ್ಮ ಮನೆಯಲ್ಲಿ ಅಂಥದೇ ಜೋಡಿ ಸೋಫಾದ ಹಿಂದೆ ಕೂತಿದೆ. ಟಿವಿ ಕೆಳಗೆ ಸೋನೋಸ್ ಬೀಮ್ ಸೌಂಡ್‌ಬಾರ್ ಇದೆ, 2021ರಲ್ಲಿ ಬಂದ ಎರಡನೇ ತಲೆಮಾರಿನದು. ಆ್ಯಪ್‌ನಲ್ಲಿ ಪ್ಲೇ:1 ಎರಡನ್ನೂ ಸರೌಂಡ್ ಆಗಿ, ಅಂದರೆ ಹಿಂದಿನಿಂದ ಸದ್ದು ಬರುವ ಸ್ಪೀಕರ್ ಆಗಿ ಸೇರಿಸಿದೆ, ಅಷ್ಟೇ. ಆದರೆ ಎರಡೂ ಒಂದೇ ಮಾದರಿ ಇರಬೇಕು. ಒಂದು ಪ್ಲೇ:1, ಇನ್ನೊಂದು ಸೋನೋಸ್ ಒನ್ ಇದ್ದರೆ ಆಗುವುದಿಲ್ಲ. ನಿಮ್ಮ ಹತ್ತಿರ ಜೋಡಿಯೇ ಇದೆ, ಅಲ್ವಾ?

ಕೊಳ್ಳುವ ಮೊದಲು ಸೋಫಾದ ಹಿಂದಿನ ಗೋಡೆ ನೋಡಿ. ವೈರ್‌ಲೆಸ್ ಅಂದರೂ ಪ್ರತಿ ಸ್ಪೀಕರ್‌ಗೆ ಕರೆಂಟ್ ಬೇಕೇ ಬೇಕು. ನಮ್ಮಲ್ಲಿ ಆ ಕಡೆ ಪ್ಲಗ್ ಪಾಯಿಂಟೇ ಇರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಹೊಸ ಪಾಯಿಂಟ್ ಹಾಕಿಸಿದೆ.

ಇನ್ನೊಂದು ಮಾತು. ಮೊದಲ ವಾರ ಏನು ಹಾಕಿದರೂ ಬರೀ ಸ್ಟೀರಿಯೋ ಬರುತ್ತಿತ್ತು. ಸ್ಪೀಕರ್ ಕೆಟ್ಟಿದೆ ಅಂತಲೇ ಅಂದುಕೊಂಡೆ. ನೋಡಿದರೆ ಟಿವಿಯ ಡಿಜಿಟಲ್ ಸೌಂಡ್ ಸೆಟ್ಟಿಂಗ್ ಪಿಸಿಎಂನಲ್ಲಿತ್ತು, ಅಂದರೆ ಟಿವಿ ಬರೀ ಸ್ಟೀರಿಯೋ ಮಾಡಿ ಕಳಿಸುತ್ತಿತ್ತು. ಅದನ್ನು ಆಟೋ ಮಾಡಿದ ಮೇಲೆ ಡಾಲ್ಬಿ ಸರೌಂಡ್ ಸದ್ದು ಬಂತು. ಕೇಬಲ್ ಹಾಕುವಾಗಲೂ ಎಚ್‌ಡಿಎಂಐ ಎಆರ್‌ಸಿ ಅಥವಾ ಇಎಆರ್‌ಸಿ ಅಂತ ಬರೆದಿರುವ ಕಿಂಡಿಗೇ ಹಾಕಿ, ಟಿವಿಯ ಸದ್ದು ಸೌಂಡ್‌ಬಾರ್‌ಗೆ ಹೋಗುವುದು ಅದರಿಂದಲೇ.

ಉತ್ತರ 2: ಪ್ಲೇ:5 ಬಗ್ಗೆ ನಾನು ಹೇಳುತ್ತೇನೆ. 2020ರಲ್ಲಿ ಸೋನೋಸ್ ತನ್ನ ಸಾಫ್ಟ್‌ವೇರನ್ನು ಎಸ್1, ಎಸ್2 ಅಂತ ಎರಡು ಮಾಡಿತು. ಪ್ಲೇ:1 ಎಸ್2ಗೆ ಹೋಗುತ್ತದೆ. ಮೊದಲ ತಲೆಮಾರಿನ ಪ್ಲೇ:5 ಹೋಗುವುದಿಲ್ಲ, ಎಸ್1ರಲ್ಲೇ ಉಳಿಯುತ್ತದೆ. ಹಾಗಾಗಿ ಅದು ಎಸ್2ರಲ್ಲಿ ನಡೆಯುವ ಆ ಬೀಮ್ ಜೊತೆ ಗುಂಪು ಸೇರುವುದಿಲ್ಲ. ಹಾಗಂತ ಬಿಸಾಡಬೇಡಿ. ಅದನ್ನು ಬೇರೆ ಸಿಸ್ಟಂ ಆಗಿ ಅಮ್ಮನ ಕೋಣೆಯಲ್ಲಿ ಇಡಿ. ಅದಕ್ಕೆ ಲೈನ್‌-ಇನ್ ಇದೆ. ಹೆಡ್‌ಫೋನ್ ಕಿಂಡಿ ಇರುವ ಯಾವುದೇ ಪ್ಲೇಯರ್ ಸಿಕ್ಕಿಸಿ ಕೇಳಬಹುದು. ನಮ್ಮ ಅಪ್ಪ ಹಾಗೇ ಕೇಳುತ್ತಾರೆ, ಆ್ಯಪ್‌ ಮುಟ್ಟುವುದೇ ಇಲ್ಲ.

ಉತ್ತರ 3: ಹಾಡಿಗೆ ಒಂದು ಸೆಟ್ಟಿಂಗ್ ಮರೀಬೇಡಿ. ಸರೌಂಡ್ ಮಾಡಿದ ಮೇಲೆ ಹಾಡು ಹಾಕಿದರೆ ಹಿಂದಿನ ಸ್ಪೀಕರ್ ಪಿಸುಗುಟ್ಟಿದ ಹಾಗೆ ಇರುತ್ತದೆ. ಸರೌಂಡ್ ಸೆಟ್ಟಿಂಗ್‌ನಲ್ಲಿ ಮ್ಯೂಸಿಕ್ ಪ್ಲೇಬ್ಯಾಕ್ ಅಂತ ಇದೆ. ಅಲ್ಲಿ ಆಂಬಿಯೆಂಟ್ ತೆಗೆದು ಫುಲ್ ಮಾಡಿ. ಕೋಣೆ ತುಂಬ ಹಾಡು ಬರುತ್ತದೆ.

ಸಬ್‌ವೂಫರ್ (ತಗ್ಗಿನ ಸದ್ದಿಗೆ ಅಂತಲೇ ಇರುವ ಸ್ಪೀಕರ್) ಈಗಲೇ ಬೇಡ ಅಂತ ನನ್ನ ಅನಿಸಿಕೆ. ಸುಮ್ನೆ ಖರ್ಚು ಜಾಸ್ತಿ. ಮೊದಲು ಬೀಮ್ ತಂದು ಒಂದು ತಿಂಗಳು ಕೇಳಿ. ಮೃದಂಗದ ಎಡಗಡೆಯ ಗುಂಕಾರ ಅಮ್ಮನಿಗೆ ಸಾಲದು ಅನಿಸಿದರೆ ಆಗ ತನ್ನಿ. ಆಮೇಲೆ ಟ್ರೂಪ್ಲೇ ಮಾಡಿಸಿ, ಅಂದರೆ ಕೋಣೆಗೆ ತಕ್ಕ ಹಾಗೆ ಆ್ಯಪ್‌ನಲ್ಲಿ ಸದ್ದು ಹೊಂದಿಸುವುದು. ಈ ಹಳೆಯ ಸ್ಪೀಕರ್‌ಗಳಿಗೆ ಅದನ್ನು ಮಾಡಲು ಐಫೋನ್ ಅಥವಾ ಐಪ್ಯಾಡ್ ಬೇಕು. ನಿಮ್ಮದು ಆಂಡ್ರಾಯ್ಡ್ ಆದರೆ ನೆಂಟರು ಯಾರಾದರೂ ಮನೆಗೆ ಬಂದಾಗ ಅವರ ಐಫೋನ್ ಕೇಳಿ. ಕೆಲವೇ ನಿಮಿಷದ ಕೆಲಸ.