ಹಿಸ್ಟರಿಸಿಸ್‌ಗೆ "ವಿಳಂಬನ" ಅಂದ್ರೆ ಸರಿಹೋಗುತ್ತಾ?

ನಮಸ್ಕಾರ ಎಲ್ರಿಗೂ. ನಿಟಿನಾಲ್ (ನಿಕಲ್-ಟೈಟಾನಿಯಂ ಮಿಶ್ರಲೋಹ) ತಂತಿ ಹಾಕಿ ಕಟ್ಟಡದ ಅಲುಗಾಟ ತಗ್ಗಿಸೋದರ ಬಗ್ಗೆ ಒಂದು ಲೇಖನ ಬರೀತಿದೀನಿ, ಒಂದು ಪದದ ಹತ್ರ ಮೂರು ದಿನದಿಂದ ಗಾಡಿ ನಿಂತುಬಿಟ್ಟಿದೆ. ಶೇಪ್ ಮೆಮೊರಿ ಅಲಾಯ್‌ಗೆ (ನಿಟಿನಾಲ್ ಥರ, ಬಗ್ಗಿಸಿದ್ಮೇಲೆ ಕಾಯಿಸಿದ್ರೆ ಹಳೇ ಆಕಾರಕ್ಕೆ ಬರೋ ಲೋಹ) "ಆಕಾರ ನೆನಪಿನ ಮಿಶ್ರಲೋಹ" ಅಂತ ಹಾಕ್ಕೊಂಡೆ, ಡ್ಯಾಂಪಿಂಗ್‌ಗೆ "ಕಂಪನ ತಗ್ಗಿಸೋದು", ಎರಡೂ ನಡೆಯುತ್ತೆ. ತಲೆನೋವು ಹಿಸ್ಟರಿಸಿಸ್‌ದು, ಅಂದ್ರೆ ಎಳೆಯುವಾಗ ಹೋಗೋ ದಾರಿ ಬೇರೆ, ಬಿಟ್ಟಾಗ ಬರೋ ದಾರಿ ಬೇರೆ ಆಗೋದು.

ಮೊದಲು "ವಿಳಂಬನ" ಅಂತ ಬರೆದೆ. ಗ್ರೀಕ್ ಮೂಲಕ್ಕೂ ಹಿಂದೆ ಬೀಳೋದು ಅಂತಲೇ ಅರ್ಥ, ಯೂಯಿಂಗ್ ಅನ್ನೋರು ಅದನ್ನ ಬಳಕೆಗೆ ತಂದಿದ್ದು ಕಬ್ಬಿಣ ಅಯಸ್ಕಾಂತ ಆಗೋ ವಿಚಾರಕ್ಕೆ. ಆದ್ರೆ ವಿಳಂಬ ಅಂದ ತಕ್ಷಣ ನಮ್ಮೋರ ತಲೇಲಿ ಬರೋದು ಟೈಮು, ಬಸ್ ಲೇಟು. ಈ ತಂತೀಲಿ ಆಗೋದು ಅದಲ್ಲ. ಎಳೆದ್ರೆ ಒಳಗಿನ ಆಸ್ಟೆನೈಟ್ ಅನ್ನೋ ಹರಳಿನ ಜೋಡಣೆ ಮಾರ್ಟೆನ್ಸೈಟ್ ಅನ್ನೋ ಇನ್ನೊಂದು ಜೋಡಣೆ ಆಗ್ತಾ ತಂತಿ 6-8% ಉದ್ದ ಆಗುತ್ತೆ (ಮಾಮೂಲಿ ಸ್ಟೀಲ್ ಸುಮಾರು 0.2% ದಾಟಿದ್ರೆ ಪೂರ್ತಿ ವಾಪಸ್ ಬರಲ್ಲ), ಬಿಟ್ರೆ ಹೆಚ್ಚುಕಮ್ಮಿ ಮೊದಲಿನ ಅಳತೆಗೇ ಬರುತ್ತೆ, ಆದ್ರೆ ಹೋದ ದಾರೀಲಿ ಅಲ್ಲ, ಅದಕ್ಕಿಂತ ಕಮ್ಮಿ ಸ್ಟ್ರೆಸ್‌ನಲ್ಲಿ (ಎಳೆತದ ಬಿಗಿ). ಬಿಗಿ ಎಷ್ಟು, ಉದ್ದ ಎಷ್ಟು ಅಂತ ಗ್ರಾಫ್ ಬರೆದ್ರೆ ಎರಡು ದಾರಿ ಮಧ್ಯೆ ಒಂದು ಕುಣಿಕೆ ಬೀಳುತ್ತೆ, ಅದರ ಹೊಟ್ಟೆ ಎಷ್ಟು ದಪ್ಪಾನೋ ಅಷ್ಟು ಶಕ್ತಿ ಪ್ರತಿ ಸಲ ಅಲುಗಿದಾಗ್ಲೂ ಶಾಖವಾಗಿ ಹೋಗುತ್ತೆ. ಬಸವನಹುಳದ ಥರ ನಿಧಾನಕ್ಕೆ ಎಳೆದ್ರೂ ಕುಣಿಕೆ ಮಾಯ ಆಗಲ್ಲ, ಮತ್ತೆ ಲೇಟ್ ಎಲ್ಲಿ ಬಂತು?

ನಮ್ಮ ಲ್ಯಾಬ್ ಅಟೆಂಡರ್ ಆ ಗ್ರಾಫ್ ನೋಡಿ "ಹೋಗ್ತಾ ಘಾಟಿ ರೋಡು, ಬರ್ತಾ ಬೈಪಾಸು ಸಾರ್" ಅಂದ್ರು. ನನ್ನ ಎರಡು ಪ್ಯಾರಾಗಿಂತ ಅದೇ ವಾಸಿ! ಅಲ್ಲಿಂದ "ದಾರಿಭೇದ" ಅಂತ ಹೊಳೀತು, ಆದ್ರೆ ಯಾವುದೋ ಮಠದ ಜಗಳದ ಥರ ಕೇಳುತ್ತೆ. "ಬರುದಾರಿ" ಅಂದ್ರೆ? ವಾಕ್ಯದಲ್ಲಿ "ಬರುದಾರಿ ಕುಣಿಕೆ" ಅಂತ ಕೂರುತ್ತೆ.

ಲೇಖನದಲ್ಲಿ ಈ ಲೋಹದ ನಡತೆನ ಲೆಕ್ಕದಲ್ಲಿ ಹಿಡಿಯೋ ಮಾಡೆಲ್ ಭಾಗ ಅಷ್ಟು ಕಷ್ಟ ಆಗ್ಲಿಲ್ಲ. ಬ್ರಿನ್ಸನ್ ಅವರ 1993ರ ಮಾಡೆಲ್‌ನಲ್ಲಿ ಮಾರ್ಟೆನ್ಸೈಟ್‌ನ ಎರಡು ಪಾಲು ಮಾಡ್ತಾರೆ, ಎಳೆತಕ್ಕೆ ಹುಟ್ಟಿದ್ದು ಒಂದು, ತಣ್ಣಗಾಗಿ ಹುಟ್ಟಿದ್ದು ಇನ್ನೊಂದು, ನಾನು "ಎಳೆತದ ಪಾಲು, ತಂಪಿನ ಪಾಲು" ಅಂದೆ.

ಇನ್ನೊಂದು ಅನುಮಾನ, "ನೆನಪು" ಅಂತ ಹಾಕಿದ್ದೇ ತಪ್ಪಾ ಅಂತ. 1997ರ ಭೂಕಂಪ ಆದ್ಮೇಲೆ ಇಟಲಿಯ ಅಸಿಸಿ ಚರ್ಚ್ ರಿಪೇರೀಲಿ ಈ ಲೋಹದ ಸಾಧನ ಕೂರಿಸಿದ್ರಲ್ಲ, ಅಲ್ಲಿ ಯಾರೂ ಅದನ್ನ ಕಾಯಿಸಿ ನೆನಪು ಮಾಡಿಸಲ್ಲ, ಕೈಬಿಟ್ರೆ ತಾನೇ ವಾಪಸ್ ಬರೋ ಗುಣ ಸಾಕು.

ಮಗ್ಗದೋರು, ಹಗ್ಗ ಹೊಸೆಯೋರು ಈ ಥರ ಹೋಗೋ ಬಿಗಿ ಬೇರೆ ಬರೋ ಬಿಗಿ ಬೇರೆ ಆಗೋದಕ್ಕೆ ಏನಾದ್ರೂ ಅಂತಾರಾ? ನಿಮ್ಮ ಕಡೆ ಕೇಳಿದ್ರೆ ಊರಿನ ಹೆಸರೂ ಸೇರಿಸಿ ಬರೀರಿ.