ಸೇಂಟ್ಸ್ ತಂಡದ ಕ್ಯಾಪ್ ಕಗ್ಗಂಟು: ಈ ಸಲವಾದರೂ ಬಾಕಿ ತೀರಿಸಬೇಕೇ, ಮತ್ತೆ ಮುಂದೂಡಬೇಕೇ?

ಮಿಸಿಸಿಪ್ಪಿ ದಂಡೆ (ಪ್ರಶ್ನೆ, 2025ರ ಮಾರ್ಚ್ ಮೊದಲ ವಾರ)

ಎಲ್ಲರಿಗೂ ನಮಸ್ಕಾರ. ನಾನು ನ್ಯೂ ಆರ್ಲಿಯನ್ಸ್‌ಗೆ ಬಂದು ಒಂಬತ್ತು ವರ್ಷವಾಯಿತು. ಬಂದ ಹೊಸದರಲ್ಲಿ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಸೇಂಟ್ಸ್‌ಗೆ ಡ್ರೂ ಬ್ರೀಸ್ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಆಟಗಾರ) ಆಗಿದ್ದರು. 2017ರಿಂದ 2020ರವರೆಗೆ ಸೇಂಟ್ಸ್ ತಂಡ ಸತತ ನಾಲ್ಕು ವರ್ಷ ತನ್ನ ವಿಭಾಗವನ್ನು ಗೆದ್ದಿತು, ಹಾಗಾಗಿ ಗೆಲ್ಲುವುದೇ ಈ ತಂಡದ ಸ್ವಭಾವವೆಂದು ನಂಬಿಬಿಟ್ಟೆ. ಬ್ರೀಸ್ ನಿವೃತ್ತರಾದ ಮೇಲೆ ಒಮ್ಮೆಯೂ ಪ್ಲೇಆಫ್ (ಸೀಸನ್ನಿನ ಕೊನೆಯ ನಾಕೌಟ್ ಹಂತ) ಕಂಡಿಲ್ಲ.

ಕಳೆದ ಸೀಸನ್ನಿನ ಮೊದಲೆರಡು ಪಂದ್ಯಗಳಲ್ಲಿ ತಂಡ 47 ಮತ್ತು 44 ಅಂಕ ಗಳಿಸಿದಾಗ ನಾನೂ ಊರಿನವರ ಜೊತೆ ಕುಣಿದೆ. ಮೂರನೇ ವಾರ ಫಿಲಡೆಲ್ಫಿಯಾದ ಈಗಲ್ಸ್ ತಂಡ ಬಂದಾಗ ನಮ್ಮೂರಿನ ಕ್ರೀಡಾಂಗಣ ಸೂಪರ್‌ಡೋಮಿನ ಮೇಲಿನ ಅಂತಸ್ತಿನಲ್ಲಿ ಕುಳಿತಿದ್ದೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಕ್ವಾರ್ಟರ್‌ಬ್ಯಾಕ್‌ಗೆ ಚೆಂಡು ಕೊಟ್ಟು ಅವರನ್ನು ಕಾಯುವ ಸೆಂಟರ್ ಎರಿಕ್ ಮೆಕಾಯ್ ಗಾಯಗೊಂಡು ಹೊರನಡೆದರು. ಎರಡು ಪಂದ್ಯಗಳಲ್ಲಿ 91 ಅಂಕ ಗಳಿಸಿದ್ದ ತಂಡ ಅಂದು 12ಕ್ಕೇ ನಿಂತು, 15-12ರಿಂದ ಸೋತಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕಾಗದದ ಚೀಲವೊಂದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದರು. 1980ರಲ್ಲಿ ತಂಡ 1-15ಕ್ಕೆ (ಒಂದು ಗೆಲುವು, 15 ಸೋಲು) ಕುಸಿದಾಗ ಅಭಿಮಾನಿಗಳು ತಲೆಗೆ ಹಾಕಿಕೊಂಡು ಬರುತ್ತಿದ್ದಂಥದೇ ಚೀಲ. ‘ಬೇಕಾಗಬಹುದು’ ಎಂದರು. ಆ ಸೋಲಿನಿಂದ ಆರಂಭಿಸಿ ಸತತ ಏಳು ಸೋಲು, ನವೆಂಬರಿನಲ್ಲಿ ಕೋಚ್ ಡೆನಿಸ್ ಅಲೆನ್ ವಜಾ, ಕೊನೆಗೆ 5-12.

ಈಗ ನನ್ನ ಪ್ರಶ್ನೆ. 2025ರ ಸ್ಯಾಲರಿ ಕ್ಯಾಪ್ (ಆಟಗಾರರ ಲೆಕ್ಕದಲ್ಲಿ ತಂಡವೊಂದು ಬರೆಯಬಹುದಾದ ಮೊತ್ತದ ಮಿತಿ) 27.92 ಕೋಟಿ ಡಾಲರ್ ಎಂದು ಲೀಗ್ (ಎನ್ಎಫ್ಎಲ್) ನಿಗದಿಪಡಿಸಿದೆ, ಮಾರ್ಚ್ 12ರ ಸಂಜೆ 4 ಗಂಟೆಯೊಳಗೆ ಪ್ರತಿ ತಂಡವೂ ಅದರೊಳಗೆ ಬರಬೇಕು. ಸೇಂಟ್ಸ್ ಎಂದಿನಂತೆ ಮಿತಿಗಿಂತ ಕೋಟಿಗಟ್ಟಲೆ ಮೇಲಿದೆ. ಕ್ವಾರ್ಟರ್‌ಬ್ಯಾಕ್ ಡೆರೆಕ್ ಕಾರ್ ಒಬ್ಬರದೇ ಲೆಕ್ಕ 5 ಕೋಟಿ ದಾಟುತ್ತದೆ. ನನಗೆ ಗೊತ್ತಿರುವುದು ಐಪಿಎಲ್ ಲೆಕ್ಕ ಮಾತ್ರ: ಆರ್‌ಸಿಬಿ ಕೊಹ್ಲಿಯವರನ್ನು 21 ಕೋಟಿ ರೂಪಾಯಿಗೆ ಉಳಿಸಿಕೊಂಡರೆ 120 ಕೋಟಿಯ ಚೀಲದಿಂದ 21 ಕೋಟಿ ಹೋಯಿತು, ಅಷ್ಟೇ. ಇಲ್ಲಿ ಒಬ್ಬ ಆಟಗಾರನನ್ನು ತೆಗೆದುಹಾಕಿದರೂ ಲೆಕ್ಕದಲ್ಲಿ ಆತ ಉಳಿಯುತ್ತಾನೆಂಬುದು ಹೇಗೆ? ಹೊಸ ಕೋಚ್ ಕೆಲೆನ್ ಮೂರ್ ಬಂದಿರುವ ಈ ವರ್ಷವೇ ಹಳಬರನ್ನೆಲ್ಲ ಬಿಟ್ಟು ಒಂದೇ ಏಟಿಗೆ ಹಳೆಯ ಬಾಕಿ ಚುಕ್ತಾ ಮಾಡಬಾರದೇಕೆ?

ಜಮಾಖರ್ಚು (ಉತ್ತರ)

ನಾನು ಹೂಸ್ಟನ್ನಿನಲ್ಲಿ ಲೆಕ್ಕಪರಿಶೋಧನೆಯ ಕೆಲಸದಲ್ಲಿದ್ದೇನೆ, ಆದ್ದರಿಂದ ಆಟಕ್ಕಿಂತ ಈ ಲೆಕ್ಕದ ಮೇಲೆಯೇ ನನಗೆ ಪ್ರೀತಿ ಹೆಚ್ಚು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ಎನ್ಎಫ್ಎಲ್‌ನಲ್ಲಿ ಆಟಗಾರನ ಕೈಗೆ ಹೋಗುವ ದುಡ್ಡು ಬೇರೆ, ಕ್ಯಾಪ್ ಪುಸ್ತಕದಲ್ಲಿ ಬರೆಯುವ ದುಡ್ಡು ಬೇರೆ. ಸಂಬಳ ಆಯಾ ವರ್ಷದ ಖಾತೆಗೇ ಬೀಳುತ್ತದೆ. ಸೈನಿಂಗ್ ಬೋನಸ್ಸನ್ನು ಮಾತ್ರ ಈಗಲೇ ಕೊಟ್ಟರೂ, ಪುಸ್ತಕದಲ್ಲಿ ಗರಿಷ್ಠ ಐದು ವರ್ಷಗಳಿಗೆ ಸಮನಾಗಿ ಹಂಚಿ ಬರೆಯಬಹುದು. ಎಲ್ಲ ಜಾಣತನವೂ ಈ ಒಂದು ನಿಯಮದಲ್ಲಿದೆ. ಉದಾಹರಣೆಗೆ ಒಬ್ಬನ ಈ ವರ್ಷದ ಸಂಬಳ 3 ಕೋಟಿ ಡಾಲರ್ ಎಂದಿಟ್ಟುಕೊಳ್ಳಿ. ಅದರಲ್ಲಿ 2.5 ಕೋಟಿಯನ್ನು ಬೋನಸ್ ಎಂದು ಹೆಸರು ಬದಲಿಸಿದರೆ, ಅದು ವರ್ಷಕ್ಕೆ 50 ಲಕ್ಷದಂತೆ ಐದು ಕಂತಾಗುತ್ತದೆ. ಸಂಬಳವಾಗಿ ಉಳಿದ 50 ಲಕ್ಷ ಮತ್ತು ಮೊದಲ ಕಂತಿನ 50 ಲಕ್ಷ ಸೇರಿ ಈ ವರ್ಷದ ಲೆಕ್ಕ 1 ಕೋಟಿ, ಅಂದರೆ ಒಂದು ಸಹಿಯಲ್ಲಿ 2 ಕೋಟಿ ಜಾಗ ಸಿಕ್ಕಿತು. ಇದನ್ನೇ ರೀಸ್ಟ್ರಕ್ಚರ್ ಎನ್ನುವುದು. ಒಪ್ಪಂದದಲ್ಲಿ ಐದು ವರ್ಷ ಉಳಿದಿಲ್ಲದಿದ್ದರೆ, ಆತ ಆಡುವುದೇ ಇಲ್ಲವೆಂದು ಇಬ್ಬರಿಗೂ ಗೊತ್ತಿರುವ ವರ್ಷಗಳನ್ನು ಕಾಗದದ ಮೇಲೆ ಸೇರಿಸುತ್ತಾರೆ. ಅವು ವಾಯ್ಡ್ ಇಯರ್‌ಗಳು.

ಆದರೆ ಆಟಗಾರ ತಂಡ ಬಿಟ್ಟ ದಿನ, ಬರೆಯದೆ ಉಳಿದ ಕಂತುಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಆ ಉದಾಹರಣೆಯವನನ್ನು ಮುಂದಿನ ಮಾರ್ಚಿನಲ್ಲಿ ಬಿಟ್ಟರೆ 2 ಕೋಟಿ. ಇದೇ ಡೆಡ್ ಮನಿ. ಬೇರೆ ತಂಡಕ್ಕೆ ಕೊಟ್ಟರೂ ಋಣ ಹರಿಯುವುದಿಲ್ಲ. ಕಳೆದ ನವೆಂಬರಿನಲ್ಲಿ ಮಾರ್ಷಾನ್ ಲ್ಯಾಟಿಮೋರ್ ವಾಷಿಂಗ್ಟನ್ ತಂಡಕ್ಕೆ ಹೋದರು, ಅವರ ಹೆಸರಿನಲ್ಲಿ ಸುಮಾರು 3 ಕೋಟಿ ಡಾಲರ್ ಈ ವರ್ಷವೂ ನ್ಯೂ ಆರ್ಲಿಯನ್ಸ್ ಪುಸ್ತಕದಲ್ಲೇ ಕುಳಿತಿದೆ.

ಹಾಗಾಗಿ ‘ಒಂದೇ ಏಟಿಗೆ ಚುಕ್ತಾ’ ಎಂಬುದು ಕೇಳಲು ಹಿತವಾಗಿದ್ದರೂ ಲೆಕ್ಕಕ್ಕೆ ಒಗ್ಗುವುದಿಲ್ಲ. ಮಾರ್ಚ್ 12ಕ್ಕೆ ಬೇಕಿರುವುದು ಇವತ್ತಿನ ಜಾಗ. ಕಂತು ಹೊತ್ತ ಹಳಬರನ್ನು ಇವತ್ತು ಬಿಟ್ಟರೆ ಜಾಗ ಸಿಗುವ ಬದಲು ಅನೇಕ ಕಡೆ ಇನ್ನಷ್ಟು ತಗ್ಗುತ್ತದೆ. ಕಾರ್ ಅವರನ್ನೇ ನೋಡಿ: ಉಳಿಸಿಕೊಂಡರೆ 5 ಕೋಟಿ ಚಿಲ್ಲರೆ, ಬಿಟ್ಟರೂ ಹೆಚ್ಚುಕಡಿಮೆ 5 ಕೋಟಿ. ಜೂನ್ 1ರ ನಂತರ ಬಿಟ್ಟಂತೆ ಲೆಕ್ಕಿಸುವ ಮುದ್ರೆಯೊತ್ತಿ ಬಿಟ್ಟರೆ ಬಾಕಿ ಎರಡು ವರ್ಷಗಳಿಗೆ ಹಂಚಿಹೋಗುತ್ತದೆ ನಿಜ, ಮತ್ತು ಹಾಗೆ ಇಬ್ಬರನ್ನು ಮಾರ್ಚಿನಲ್ಲೇ ಬಿಡಲು ಅವಕಾಶವಿದೆ; ಆದರೆ ಆ ಉಳಿತಾಯ ಕೈಗೆ ಸಿಗುವುದು ಜೂನ್ ಬಂದ ಮೇಲೆ. ಮಾರ್ಚಿನ ಹಸಿವಿಗೆ ಜೂನಿನ ಊಟ ಆಗುವುದಿಲ್ಲ.

ಮೂರನೇ ಡೌನ್ (ಉತ್ತರ)

ಜಮಾಖರ್ಚು ಅವರ ವಿವರಣೆ ಸರಿಯಾಗಿದೆ, ಆದರೆ ಅದರಿಂದ ಹೊರಡುವ ‘ಏನೂ ಮಾಡಲಾಗದು’ ಎಂಬ ಧ್ವನಿಯನ್ನು ನಾನು ಒಪ್ಪುವುದಿಲ್ಲ. ಡೆನ್ವರ್ ತಂಡವನ್ನು ನೋಡಿ. 2024ರ ಮಾರ್ಚಿನಲ್ಲಿ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಅವರನ್ನು ಬಿಟ್ಟು 8.5 ಕೋಟಿ ಡಾಲರ್ ಡೆಡ್ ಮನಿ ನುಂಗಿದರು. ಆ ವರ್ಷ 5.3 ಕೋಟಿ, ಈ ವರ್ಷ 3.2 ಕೋಟಿ. ಎಲ್ಲರೂ ಅವರ ಕಥೆ ಮುಗಿಯಿತೆಂದರು. ಅವರು ಡ್ರಾಫ್ಟಿನ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ) 12ನೇ ಆಯ್ಕೆಯಲ್ಲಿ ಬೋ ನಿಕ್ಸ್ ಎಂಬ ಹುಡುಗನನ್ನು ತಂದು, 10-7 ಗೆದ್ದು, 2015ರ ಸೀಸನ್ನಿನ ನಂತರ ಮೊದಲ ಬಾರಿಗೆ ಪ್ಲೇಆಫ್ ತಲುಪಿದರು. ಅಲ್ಲಿನ ಕೋಚ್, ಹಿಂದೆ ಸೇಂಟ್ಸ್ ಕೋಚ್ ಆಗಿದ್ದ ಶಾನ್ ಪೇಟನ್ ಎಂಬುದನ್ನು ನ್ಯೂ ಆರ್ಲಿಯನ್ಸ್‌ನವರಿಗೆ ನೆನಪಿಸಬೇಕಿಲ್ಲ. ಮುಂದೂಡುವ ವಿದ್ಯೆಯನ್ನು ಇಲ್ಲಿ ವರ್ಷಗಟ್ಟಲೆ ಹತ್ತಿರದಿಂದ ನೋಡಿದವರೇ ಅಲ್ಲಿ ಕಹಿ ಗುಳಿಗೆ ನುಂಗಿದರು.

ಸೇಂಟ್ಸ್ ಜನರಲ್ ಮ್ಯಾನೇಜರ್ ಮಿಕ್ಕಿ ಲೂಮಿಸ್ 2002ರಿಂದ ಅದೇ ಕುರ್ಚಿಯಲ್ಲಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವಲ್ಲ, ಅವರ ವಾದವೇನೆಂದರೆ ಇಲ್ಲಿ ಹಾಸಿಗೆಯೇ ಪ್ರತಿವರ್ಷ ಉದ್ದವಾಗುತ್ತದೆ. 2021ರಲ್ಲಿ 18.25 ಕೋಟಿಯಿದ್ದ ಕ್ಯಾಪ್ ಈಗ 27.92 ಕೋಟಿಯಾಗಿದೆ, ಆದ್ದರಿಂದ ನಾಳೆಯ ಡಾಲರ್ ಇವತ್ತಿನದಕ್ಕಿಂತ ಅಗ್ಗ. ವಾದ ಚೆನ್ನಾಗಿದೆ. ಆದರೆ ಕೊರೋನಾದಿಂದಾಗಿ ಆ 2021ರಲ್ಲೇ ಹಾಸಿಗೆ 19.82ರಿಂದ 18.25ಕ್ಕೆ ಕುಗ್ಗಿತಲ್ಲ, ಆಗ ಎಲ್ಲರಿಗಿಂತ ಹೆಚ್ಚು ಚಳಿಯಾದದ್ದು ಕಾಲು ಹೊರಗಿಟ್ಟಿದ್ದವರಿಗೇ. ಬ್ರೀಸ್ ನಿವೃತ್ತಿಗೆ ಮುಂಚೆ ತಮ್ಮ 2.5 ಕೋಟಿ ಸಂಬಳವನ್ನು ಕನಿಷ್ಠ ಮಟ್ಟಕ್ಕೆ ಇಳಿಸಿಕೊಟ್ಟರು, ತಂಡ ಅವರ ನಿವೃತ್ತಿಯನ್ನು ಜೂನ್ ನಂತರ ದಾಖಲಿಸಿತು, ಹೇಗೋ ದಡ ಸೇರಿದರು. ಅಲ್ಲಿಂದ ಇಲ್ಲಿಯವರೆಗೆ ನಡೆದಿರುವುದು ಬಡ್ಡಿ ಕಟ್ಟುವ ಕೆಲಸ.

ಹಸಿರು ರೆಕ್ಕೆ (ಉತ್ತರ)

ಫಿಲಡೆಲ್ಫಿಯಾದವನಾಗಿ ಒಂದು ಮಾತು ಸೇರಿಸುತ್ತೇನೆ, ಕೆಣಕುವುದಕ್ಕಲ್ಲ. ವಾಯ್ಡ್ ಇಯರ್‌ಗಳನ್ನು ನಮ್ಮ ಈಗಲ್ಸ್ ತಂಡದ ಜನರಲ್ ಮ್ಯಾನೇಜರ್ ಹೋವಿ ರೋಸ್‌ಮನ್ ಕೂಡ ಧಾರಾಳವಾಗಿ ಬಳಸುತ್ತಾರೆ. ಫೆಬ್ರುವರಿ 9ರಂದು ನಿಮ್ಮದೇ ಸೂಪರ್‌ಡೋಮಿನಲ್ಲಿ ಲೀಗಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಕಾನ್ಸಸ್ ಸಿಟಿಯನ್ನು 40-22ರಿಂದ ಸೋಲಿಸಿದ ತಂಡ ಅದು. ಆದ್ದರಿಂದ ದೋಷ ಆ ವಿದ್ಯೆಯಲ್ಲಿಲ್ಲ. 2022ರಲ್ಲಿ ಸೇಂಟ್ಸ್ ತಮ್ಮ ಮರುವರ್ಷದ ಮೊದಲ ಸುತ್ತಿನ ಆಯ್ಕೆಯನ್ನು ನಮಗೆ ಕೊಟ್ಟರು. ಅದು 10ನೇ ಆಯ್ಕೆಯಾಗಿ ಬಂತು, ನಾವು ಒಂದು ಮೆಟ್ಟಿಲು ಮೇಲೇರಿ ಜೇಲನ್ ಕಾರ್ಟರ್ ಅವರನ್ನು ಪಡೆದೆವು. ದುಡ್ಡನ್ನು ಮುಂದೂಡುವವರ ಬಳಿ ಅಗ್ಗದ ಒಪ್ಪಂದದ ಹುಡುಗರಿರಬೇಕು. ಸೇಂಟ್ಸ್ ದುಡ್ಡನ್ನೂ ಮುಂದೂಡಿದರು, ಹುಡುಗರನ್ನು ತರಬೇಕಾದ ಆಯ್ಕೆಗಳನ್ನೂ ಖರ್ಚು ಮಾಡಿದರು.

ಈ ಸಲ 9ನೇ ಆಯ್ಕೆ ನಿಮ್ಮಲ್ಲಿದೆ. ದಯವಿಟ್ಟು ಅದನ್ನು ಯಾರಿಗೂ ಮಾರಬೇಡಿ.

ಜಮಾಖರ್ಚು (ಮರು ಉತ್ತರ)

ಮೂರನೇ ಡೌನ್ ಅವರೇ, ‘ಏನೂ ಮಾಡಲಾಗದು’ ಎಂದು ನಾನು ಹೇಳಿಲ್ಲ, ಒಂದೇ ವರ್ಷದಲ್ಲಿ ಆಗದು ಎಂದೆ. ಡೆನ್ವರ್ ಉದಾಹರಣೆ ಒಳ್ಳೆಯದೇ, ಆದರೆ ಅವರ ಬಾಕಿಯಲ್ಲಿ ದೊಡ್ಡ ಹೆಸರು ಒಂದೇ. ಅದನ್ನು ನುಂಗಿದ ಮೇಲೆ ಗಂಟಲು ಖಾಲಿಯಾಯಿತು. ಸೇಂಟ್ಸ್‌ನಲ್ಲಿ ಬಾಕಿ ಇಡೀ ಮನೆಗೆ ಹರಡಿಕೊಂಡಿದೆ, ಅದೂ ವಯಸ್ಸಾದವರ ಹೆಸರಿನಲ್ಲಿ. ಡಿಮಾರಿಯೊ ಡೇವಿಸ್‌ಗೆ 36 ವರ್ಷ, ಕ್ಯಾಮರನ್ ಜೋರ್ಡನ್‌ಗೆ 35, ಡಿಸೆಂಬರಿನಲ್ಲಿ ಮಂಡಿಯ ಅಸ್ಥಿರಜ್ಜು ಹರಿದುಕೊಂಡ ಟೇಸಮ್ ಹಿಲ್‌ಗೆ 34. ಇಂಥವರ ಒಪ್ಪಂದವನ್ನು ಪ್ರತಿ ಮಾರ್ಚಿನಲ್ಲಿ ರೀಸ್ಟ್ರಕ್ಚರ್ ಮಾಡಿದಷ್ಟೂ ಅವರನ್ನು ಬಿಡುವುದು ದುಬಾರಿಯಾಗುತ್ತದೆ, ಬಿಡಲಾಗದ ಕಾರಣಕ್ಕೆ ಮತ್ತೆ ರೀಸ್ಟ್ರಕ್ಚರ್. ಮುಂದೂಡಿಕೆಯ ನಿಜವಾದ ಖರ್ಚು ಇದೇ ಎಂಬುದು ನನ್ನ ಅಭಿಪ್ರಾಯ: ಯಾರು ಆಡಬೇಕೆಂದು ಕೋಚ್ ತೀರ್ಮಾನಿಸುವ ಬದಲು ಹಳೆಯ ಕಂತು ತೀರ್ಮಾನಿಸುತ್ತದೆ.

ಆದ್ದರಿಂದ ನಾನಾಗಿದ್ದರೆ ಒಂದೇ ಕಟ್ಟಳೆ ಹಾಕಿಕೊಳ್ಳುತ್ತಿದ್ದೆ. 2027ರಲ್ಲಿಯೂ ಈ ತಂಡದಲ್ಲಿ ಆಡುವನೆಂದು ಎದೆ ಮುಟ್ಟಿಕೊಂಡು ಹೇಳಬಹುದಾದವನ ಸಂಬಳವನ್ನು ಮಾತ್ರ ಮುಂದೂಡಬೇಕು. ಮೆಕಾಯ್ ಅಂಥವರು, ಪ್ರಶ್ನೆ ಕೇಳಿದವರು ಅವರಿಲ್ಲದ ಪಂದ್ಯವನ್ನು ಕಣ್ಣಾರೆ ಕಂಡಿದ್ದಾರೆ. ಉಳಿದ ಹಿರಿಯರು ಸಂಬಳ ಇಳಿಸಿಕೊಂಡು ಇರಲು ಒಪ್ಪಿದರೆ ಇರಲಿ, ಇಲ್ಲದಿದ್ದರೆ ಹೋಗಲಿ. ಹೊರಗಿನಿಂದ ದೊಡ್ಡ ಹೆಸರುಗಳನ್ನು ತರುವ ಆಸೆಯನ್ನು ಎರಡು ವರ್ಷ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು.

ಕಾರ್ ಅವರ ವಿಷಯದಲ್ಲಿ ನನಗೇ ದ್ವಂದ್ವವಿದೆ. ಕಳೆದ ವರ್ಷ ಅವರು ಆಡಿದ ಪಂದ್ಯಗಳಲ್ಲಿ ತಂಡ 5-5, ಅವರಿಲ್ಲದ ಪಂದ್ಯಗಳಲ್ಲಿ 0-7. ಆಟ ನೋಡಿದರೆ ಬಿಡುವ ಹಾಗಿಲ್ಲ, 2023ರ ಆ ನಾಲ್ಕು ವರ್ಷ, 15 ಕೋಟಿಯ ಒಪ್ಪಂದ ನೋಡಿದರೆ ಇಟ್ಟುಕೊಳ್ಳುವ ಹಾಗಿಲ್ಲ. ಈ ತಿಂಗಳು ರೀಸ್ಟ್ರಕ್ಚರ್ ಮಾಡುತ್ತಾರೆ, ಬೇರೆ ದಾರಿ ಕಾಣುವುದಿಲ್ಲ. ಮಾಡಿದ ದಿನವೇ ಅವರ ಉತ್ತರಾಧಿಕಾರಿಯನ್ನು ಹುಡುಕಲು ಶುರುಮಾಡಬೇಕು.

ಮೂರನೇ ಡೌನ್ (ಮರು ಉತ್ತರ)

ನಿಮ್ಮ ಕಟ್ಟಳೆಯನ್ನು ಒಪ್ಪುತ್ತೇನೆ. ಕಾರ್ ವಿಷಯದಲ್ಲಿ ಒಪ್ಪುವುದಿಲ್ಲ. ಮಾರ್ಚ್ 28ಕ್ಕೆ 34 ತುಂಬುವ ಕ್ವಾರ್ಟರ್‌ಬ್ಯಾಕ್ ನಿಮ್ಮ 2027ರ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲವಲ್ಲ. ಕಟ್ಟಳೆ ಮಾಡಿದ ಉಸಿರಿನಲ್ಲೇ ವಿನಾಯಿತಿ ಕೊಟ್ಟರೆ ಲೂಮಿಸ್ ಅವರಿಗೂ ನಿಮಗೂ ಏನು ವ್ಯತ್ಯಾಸ?

ಜಮಾಖರ್ಚು (ಮರು ಉತ್ತರ)

ಸಿಕ್ಕಿಬಿದ್ದೆ. ಬಹುಶಃ ಈ ಕುರ್ಚಿಯಲ್ಲಿ ಕುಳಿತವರೆಲ್ಲ ಹೀಗೆಯೇ ಒಬ್ಬೊಬ್ಬರಿಗೆ ವಿನಾಯಿತಿ ಕೊಡುತ್ತ ಬಂದಿರಬೇಕು.

ಮಿಸಿಸಿಪ್ಪಿ ದಂಡೆ (ಮೇ ತಿಂಗಳ ಕೊನೆಯಲ್ಲಿ)

ಉತ್ತರಿಸಿದ ಎಲ್ಲರಿಗೂ ತಡವಾಗಿ ಕೃತಜ್ಞತೆಗಳು. ನಡುವೆ ಆದದ್ದನ್ನು ದಾಖಲಿಸಿಡುತ್ತೇನೆ. ಮಾರ್ಚಿನಲ್ಲಿ ಜಮಾಖರ್ಚು ಅವರು ಊಹಿಸಿದಂತೆಯೇ ಕಾರ್ ಒಪ್ಪಂದವನ್ನು ರೀಸ್ಟ್ರಕ್ಚರ್ ಮಾಡಿದರು. ಏಪ್ರಿಲ್ ಡ್ರಾಫ್ಟಿನಲ್ಲಿ 9ನೇ ಆಯ್ಕೆಯನ್ನು ಯಾರಿಗೂ ಮಾರದೆ ಕೆಲ್ವಿನ್ ಬ್ಯಾಂಕ್ಸ್ ಜೂನಿಯರ್ ಎಂಬ ಟ್ಯಾಕಲ್ ಆಟಗಾರನನ್ನು ಪಡೆದರು, ಹಸಿರು ರೆಕ್ಕೆ ಅವರಿಗೆ ಸಮಾಧಾನವಾಗಬಹುದು. 40ನೇ ಆಯ್ಕೆಯಲ್ಲಿ ಕ್ವಾರ್ಟರ್‌ಬ್ಯಾಕ್ ಟೈಲರ್ ಶಕ್ ಬಂದರು.

ಮೇ 10ರಂದು ಕಾರ್ ಭುಜದ ಗಾಯದ ಕಾರಣ ನಿವೃತ್ತಿ ಘೋಷಿಸಿದರು. ಈ ವರ್ಷ ಬರಬೇಕಿದ್ದ 3 ಕೋಟಿ ಡಾಲರನ್ನು ಅವರು ಬಿಟ್ಟುಕೊಟ್ಟರೆಂದು ವರದಿಯಾಗಿದೆ. ನಮ್ಮ ಇಷ್ಟೆಲ್ಲ ವಾದದಲ್ಲಿ ತಂಡ ಅವರನ್ನು ಬಿಡುವುದು, ಉಳಿಸಿಕೊಳ್ಳುವುದು ಎರಡನ್ನೂ ಚರ್ಚಿಸಿದೆವು, ಅವರೇ ಎದ್ದು ಹೋಗುವುದನ್ನು ಯಾರೂ ಚರ್ಚಿಸಲಿಲ್ಲ.

ನನ್ನ ಹೊಸ ಪ್ರಶ್ನೆ ಇಷ್ಟು. ಬ್ರೀಸ್ ಅವರದರಂತೆ ಈ ನಿವೃತ್ತಿಯನ್ನೂ ಜೂನ್ 1ರ ನಂತರ ದಾಖಲಿಸಿದರೆ ಉಳಿದ ಕಂತುಗಳು ಎರಡು ವರ್ಷಗಳಿಗೆ ಹಂಚಿಹೋಗುತ್ತವೆ ಎಂದು ನಿಮ್ಮ ಪಾಠದಿಂದ ಅರ್ಥಮಾಡಿಕೊಂಡಿದ್ದೇನೆ. ಹಾಗಾದರೆ 2026ರಲ್ಲಿ, ಆಡದ ಕ್ವಾರ್ಟರ್‌ಬ್ಯಾಕ್‌ನ ಲೆಕ್ಕ ಆಡುವ ಕ್ವಾರ್ಟರ್‌ಬ್ಯಾಕ್‌ನದಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ, ಸರಿತಾನೆ?

ಜಮಾಖರ್ಚು (ಉತ್ತರ)

ಸರಿ. ಎರಡನೇ ಸುತ್ತಿನ ಹುಡುಗನ ಒಪ್ಪಂದ ಅಷ್ಟು ಅಗ್ಗ. ಆ ಹಿರಿಯರನ್ನು ಮತ್ತೆ ಕಂಡರೆ, ಕಾಗದದ ಚೀಲವನ್ನು ಈ ವರ್ಷವೂ ಜೇಬಿನಲ್ಲೇ ಇಟ್ಟುಕೊಂಡಿರಲು ಹೇಳಿ.