ಪದಚರ್ಚೆ: ‘ಬತ್ತೇರಿ’ಯನ್ನು ಕೊತ್ತಲ ಎನ್ನಬಹುದೇ? ‘ಕಡಲ್ಗಳ್ಳ’ ಎಂದರೆ ಯಾರು?

ಬಲ್ಲವರಿಗೆಲ್ಲ ನಮಸ್ಕಾರ.

ಪರಿಚಿತರೊಬ್ಬರು ಮಕ್ಕಳಿಗಾಗಿ ಕರಾವಳಿಯ ಕೋಟೆಗಳ ಬಗ್ಗೆ ಬರೆದಿರುವ ಕಿರುಹೊತ್ತಗೆಯ ಕರಡು ತಿದ್ದಲು ನನ್ನ ಕೈಗೆ ಬಂದಿದೆ. ಮಂಗಳೂರಿನ ಬೋಳೂರಿನಲ್ಲಿ, ಗುರುಪುರ ನದಿಯ ದಡದಲ್ಲಿರುವ ಕಪ್ಪು ಕಲ್ಲಿನ ಕಟ್ಟಡದ ಕುರಿತು ಅದರಲ್ಲಿ ಈ ಸಾಲಿದೆ: ‘ಕಡಲ್ಗಳ್ಳರನ್ನು ತಡೆಯಲು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಬ್ಯಾಟರಿ.’ ಎರಡು ದಿನದಿಂದ ಈ ಸಾಲನ್ನು ದಾಟಿ ಮುಂದೆ ಹೋಗಲಾಗುತ್ತಿಲ್ಲ.

ಮೊದಲು ಬ್ಯಾಟರಿಯ ಮಾತು. ನಮ್ಮ ಮಂಡ್ಯದ ಹಳ್ಳಿಗಳಲ್ಲಿ ಬ್ಯಾಟರಿ ಎಂದರೆ ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವವರ ಕೈಯಲ್ಲಿರುವ ಟಾರ್ಚು. ಇದನ್ನು ಓದಿದ ಮಗು ಕೋಟೆಯಲ್ಲಿ ಹುಡುಕುವುದೂ ಅದನ್ನೇ. ಇಲ್ಲಿ ಮಾತು ಫಿರಂಗಿ ಇಡುವ ಕಟ್ಟಡದ್ದು, ಹಾಗಾಗಿ ‘ಬತ್ತೇರಿ’ ಎಂದು ತಿದ್ದಿದೆ. ಲೇಖಕರು ಒಪ್ಪಲಿಲ್ಲ. ‘ಬತ್ತೇರಿ ಮಲಯಾಳದ್ದು, ಮೈಸೂರಿನ ಬಸ್ ನಿಲ್ದಾಣದಲ್ಲಿ ಕೇರಳದ ಬಸ್ಸಿನ ಹಣೆಯ ಮೇಲೆ ಓದಿಲ್ಲವೇ?’ ಎಂದರು. ಓದಿದ್ದೇನೆ, ‘ಸುಲ್ತಾನ್ ಬತ್ತೇರಿ’ ಎಂದು. ವಯನಾಡಿನ ಆ ಊರಿಗೆ ಮೊದಲು ಗಣಪತಿವಟ್ಟಂ ಎಂಬ ಹೆಸರಿತ್ತು. ಅಲ್ಲಿನ ಜೈನ ಬಸದಿಯಲ್ಲಿ ಟಿಪ್ಪುವಿನ ಸೇನೆ ಮದ್ದುಗುಂಡು ಇಟ್ಟುಕೊಂಡಿದ್ದರಿಂದ ಸುಲ್ತಾನ್ ಬತ್ತೇರಿ ಎಂಬ ಹೆಸರು ಬಿತ್ತು. ಆದರೆ ಪದ ಅಲ್ಲಿ ಹುಟ್ಟಿದ್ದಲ್ಲ. ಚಿತ್ರದುರ್ಗದ ಬೆಟ್ಟ ಹತ್ತಿದರೆ ಲಾಲ್ ಬತೇರಿ ಇದೆ, ಝಂಡಾ ಬತೇರಿ ಇದೆ, ತುಪ್ಪದ ಕೊಳದ ಬತೇರಿಯೂ ಇದೆ. ತುಪ್ಪದ ಕೊಳದ ಪಕ್ಕದಲ್ಲಿ ನಿಂತಿರುವ ಪದವನ್ನು ಪರದೇಶಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮಂಡ್ಯದ ಮಿತ್ರರೊಬ್ಬರು ಇದಕ್ಕೊಂದು ವ್ಯುತ್ಪತ್ತಿಯನ್ನೂ ಕೊಟ್ಟರು: ಬತ್ತಿ + ಏರಿ. ಫಿರಂಗಿಯ ಬತ್ತಿ ಹೊತ್ತಿಸುವ ಏರಿಯೇ ಬತ್ತೇರಿ! ಕೆರೆ ಏರಿಯ ಮೇಲೆ ಓಡಾಡಿ ಬೆಳೆದವರಿಗೆ ಇಂಥದ್ದು ಹೊಳೆಯದಿದ್ದರೆ ಇನ್ನಾರಿಗೆ ಹೊಳೆಯಬೇಕು? ಕೇಳಿದಾಗ ನಾನೂ ಅರೆಗಳಿಗೆ ನಂಬಿದೆ. ಆದರೆ ಬತ್ತಿಯ ಮುಂದೆ ಏರಿ ಬಂದರೆ ಯಕಾರಾಗಮವಾಗಿ ‘ಬತ್ತಿಯೇರಿ’ ಆಗಬೇಕು, ಇಕಾರ ಅಷ್ಟು ಸುಲಭವಾಗಿ ಬಿದ್ದುಹೋಗುವುದಿಲ್ಲ. ಅಲ್ಲದೆ ಚಿತ್ರದುರ್ಗದ ರೂಪದಲ್ಲಿ ಒತ್ತಕ್ಷರವೇ ಇಲ್ಲ. ಬತ್ತಿ ಅಲ್ಲಿಗೇ ನಂದಿತು.

ಮೂಲ ಯುರೋಪಿನದು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಫ್ರೆಂಚ್‌ನಲ್ಲಿ ‘ಬಡಿ’ ಎಂಬ ಅರ್ಥದ ಧಾತುವಿನಿಂದ ಬಂದ ಮಾತು ಮೊದಲು ಬಡಿಯುವುದಕ್ಕೆ, ಆಮೇಲೆ ಗೋಡೆಯನ್ನು ಬಡಿಯುವ ಫಿರಂಗಿಗಳ ಸಾಲಿಗೆ, ಕೊನೆಗೆ ಅವನ್ನು ಇಟ್ಟ ಜಾಗಕ್ಕೂ ಸಂದಿತು. ಫಿರಂಗಿಗಳ ಹಾಗೆ ಸಾಲಾಗಿ ಜೋಡಿಸಿದ ವಿದ್ಯುತ್ತಿನ ಜಾಡಿಗಳಿಗೆ ಇದೇ ಹೆಸರಿಟ್ಟವನು ಬೆಂಜಮಿನ್ ಫ್ರಾಂಕ್ಲಿನ್. ಅಂದರೆ ಟಾರ್ಚಿನ ಬ್ಯಾಟರಿಯೂ ಕೋಟೆಯ ಬತ್ತೇರಿಯೂ ಒಂದೇ ಮನೆಯ ಮಕ್ಕಳು, ಕನ್ನಡಕ್ಕೆ ಬೇರೆ ಬೇರೆ ಕಾಲದಲ್ಲಿ ಬಂದರು.

ಯಾರ ಬಾಯಿಂದ ಬಂತು ಎನ್ನುವುದು ತೊಡಕು. ಇಂಗ್ಲಿಷಿನ ಟಕಾರ ಕನ್ನಡದಲ್ಲಿ ಸಾಮಾನ್ಯವಾಗಿ ಟಕಾರವಾಗಿಯೇ ಉಳಿಯುತ್ತದೆ: ಟಿಕೆಟ್ಟು, ಬಾಟಲಿ. ಪೋರ್ಚುಗೀಸರಿಂದ ಬಂದದ್ದು ತಕಾರ: ಕಪ್ತಾನ, ಮೇಸ್ತ್ರಿ. ಹಾಗಾದರೆ ಬತ್ತೇರಿಯನ್ನು ಪೋರ್ಚುಗೀಸರ ‘ಬತೆರಿಯ’ದ ಲೆಕ್ಕಕ್ಕೆ ಹಾಕಬಹುದು. ಆದರೆ ಪೋರ್ಚುಗೀಸರ ‘ಬತಾತ’ ನಮ್ಮಲ್ಲಿ ಬಟಾಟೆಯಾಗಿದೆ, ಟಕಾರದ ಹಾಸ್ಪಿಟಲ್ ತಕಾರದ ಆಸ್ಪತ್ರೆಯಾಗಿದೆ. ನಿಯಮ ಎರಡೂ ಕಡೆ ಸೋರುತ್ತದೆ. ಇನ್ನೊಂದು ದಾರಿ ನಮ್ಮ ಜಿಲ್ಲೆಯಲ್ಲೇ ಇದೆ. ಪಾಂಡವಪುರವನ್ನು, ಅಂದರೆ ಹಿರೋಡೆಯನ್ನು, ಬಹುಕಾಲ ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದರು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡು ಬಿಟ್ಟಿದ್ದರು. ಫಿರಂಗಿಯ ಕೆಲಸದ ಜೊತೆಗೆ ಅದರ ಪದವನ್ನೂ ಅವರಿಂದಲೇ ಕಲಿತೆವೇ?

ಲೇಖಕರು ಕೊನೆಗೆ ‘ಹಾಗಾದರೆ ಕೊತ್ತಲ ಎಂದು ಹಾಕಿಬಿಡಿ’ ಎಂದರು. ನನ್ನ ತಕರಾರು ಇಲ್ಲೇ. ಕೊತ್ತಲಕ್ಕೆ ಗೋಡೆ ಬೇಕು. ‘ಕೋಟೆ ಕೊತ್ತಲ’ ಎಂದು ಜೋಡಿಯಾಗಿ ಹೇಳುವುದು ಸುಮ್ಮನೆ ಅಲ್ಲ, ಅದು ಕೋಟೆಗೋಡೆಯಿಂದ ಮುಂದಕ್ಕೆ ಚಾಚಿಕೊಂಡ ಭಾಗ. ಅರಬ್ಬಿ-ಪಾರಸಿಯ ದಾರಿಯಲ್ಲಿ ಬಂದ ಬುರುಜನ್ನೂ ನಾವು ಬಹುಮಟ್ಟಿಗೆ ಅದೇ ಅರ್ಥದಲ್ಲಿ ಬಳಸುತ್ತೇವೆ. ಉತ್ತರ ಕರ್ನಾಟಕದ ಹುಡೆ ಊರ ನಡುವೆ ಒಂಟಿಯಾಗಿ ನಿಲ್ಲಬಲ್ಲದು, ಆದರೆ ಅದರ ಕೆಲಸ ಮುಖ್ಯವಾಗಿ ಕಾವಲು. ಬೋಳೂರಿನದು ಇದಾವುದೂ ಅಲ್ಲ. ನದಿಯನ್ನು ನೋಡುತ್ತ ಒಂಟಿಯಾಗಿ ನಿಂತಿದೆ, ಸುತ್ತ ಫಿರಂಗಿಗೆ ಕಿಂಡಿಗಳಿವೆ, ಮೇಲೆ ಹತ್ತಲು ಮೆಟ್ಟಿಲಿವೆ, ಅಡಿಯಲ್ಲಿ ಮದ್ದು ಇಡುವ ನೆಲಮಾಳಿಗೆಯಿದೆ. ಫಿರಂಗಿಗಾಗಿಯೇ ಕಟ್ಟಿದ್ದಕ್ಕೆ ಫಿರಂಗಿಯಿಂದಲೇ ಬಂದ ಹೆಸರು ಇರಲಿ ಎನ್ನುವುದು ನನ್ನ ಹಟ. (ಆ ನೆಲಮಾಳಿಗೆಯನ್ನು ಅವರು ‘ಸ್ಫೋಟಕ ಸಂಗ್ರಹಾಗಾರ’ ಎಂದು ಬರೆದಿದ್ದರು. ಮದ್ದಿನಮನೆ ಎಂದು ತಿದ್ದಿದೆ. ಶ್ರೀರಂಗಪಟ್ಟಣದಲ್ಲಿ ರೈಲು ಹಳಿಗೆ ದಾರಿ ಬಿಡಲೆಂದು 2017ರಲ್ಲಿ ಇಡಿಯಾಗಿ ಜರುಗಿಸಿದ ಕಟ್ಟಡವನ್ನೂ ಪತ್ರಿಕೆಗಳು ಶಸ್ತ್ರಾಗಾರ ಎಂದೇ ಬರೆದವು. ಮದ್ದಿನಮನೆ ಎಂದರೆ ಮಕ್ಕಳು ಔಷಧದಂಗಡಿ ಎಂದುಕೊಳ್ಳುತ್ತಾರಂತೆ. ಒಮ್ಮೆ ಅಂದುಕೊಳ್ಳಲಿ ಬಿಡಿ.)

ಇನ್ನು ಕಡಲ್ಗಳ್ಳ. ಪದ ಚೆಂದ: ಕಡಲ್ + ಕಳ್ಳ, ಮಳೆಗಾಲದ ಹಾಗೆ ಕಕಾರ ಗಕಾರವಾಗಿದೆ. ಕಡಲಿಲ್ಲದ ಊರಿನ ನಮಗೂ ಪತ್ರಿಕೆಗಳು ಸೊಮಾಲಿಯಾದ ಸುದ್ದಿಯಲ್ಲಿ ಅದನ್ನು ರೂಢಿ ಮಾಡಿಸಿವೆ. ಆದರೆ 1784ರ ಬೋಳೂರಿಗೆ ಅದು ಹೊಂದುತ್ತದೆಯೇ? 1783ರಲ್ಲಿ ಮಂಗಳೂರನ್ನು ಹಿಡಿದದ್ದು ಈಸ್ಟ್ ಇಂಡಿಯಾ ಕಂಪನಿಯ ಸೇನೆ. ತಿಂಗಳುಗಟ್ಟಲೆ ಮುತ್ತಿಗೆ ಹಾಕಿ 1784ರ ಜನವರಿಯಲ್ಲಿ ಟಿಪ್ಪು ಅದನ್ನು ಮರಳಿ ಪಡೆದ, ಮಾರ್ಚ್‌ನಲ್ಲಿ ಮಂಗಳೂರಿನ ಒಪ್ಪಂದವಾಯಿತು. ಬತ್ತೇರಿ ಎದ್ದದ್ದು ನದಿಯೊಳಗೆ ಯುದ್ಧನೌಕೆ ನುಗ್ಗದಿರಲಿ ಎಂದು. ಕಂಪನಿಯವರನ್ನು ಕಳ್ಳರು ಎನ್ನಲು ನನಗೇನೂ ಸಂಕೋಚವಿಲ್ಲ, ಆದರೆ ಅದು ಬೇರೆ ಅರ್ಥದಲ್ಲಿ.

ಕರಾವಳಿಗೆ ಕಡಲ್ಗಳ್ಳರ ಕಾಟ ಇರಲಿಲ್ಲವೆಂದಲ್ಲ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ‘ನಿತ್ರಿಯಾಸ್’ ಎಂಬಲ್ಲಿ ಬೀಡುಬಿಟ್ಟ ಕಡಲ್ಗಳ್ಳರ ವಿಷಯ ಬರೆದಿದ್ದಾನೆ. ಅದು ನೇತ್ರಾವತಿಯ ಸೀಮೆ ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಆದರೆ ಈ ಹೆಸರು ಯಾರಿಗೆ ಅಂಟುತ್ತದೆ ಎನ್ನುವುದು ಹೇಳುವವರ ಮೇಲಿದೆ. ಹೊನ್ನಾವರದ ತಿಮ್ಮೋಜನನ್ನು ಪೋರ್ಚುಗೀಸರು ಮೊದಲು ಕಡಲ್ಗಳ್ಳ ಎಂದರು. 1510ರಲ್ಲಿ ಗೋವಾ ಹಿಡಿಯಲು ಅವರ ಗವರ್ನರ್ ಅಲ್ಬುಕರ್ಕನಿಗೆ ನೆರವಾದವನು ಅವನೇ. ಇತ್ತ ಅದೇ ಪೋರ್ಚುಗೀಸರು ತಮ್ಮ ರಹದಾರಿ ಇಲ್ಲದೆ ಸಾಗುವ ಹಡಗುಗಳನ್ನು ನಡುಗಡಲಿನಲ್ಲಿ ಹಿಡಿದು ಸುಲಿಯುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ಕಾನೂನು.

ಸದ್ಯಕ್ಕೆ ಸಾಲನ್ನು ಹೀಗೆ ತಿದ್ದಿದ್ದೇನೆ: ‘ಹಗೆಯ ಹಡಗುಗಳು ನದಿಯೊಳಗೆ ನುಗ್ಗದಂತೆ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಬತ್ತೇರಿ.’ ಕಳ್ಳರು ಹೋದದ್ದಕ್ಕೆ ಲೇಖಕರಿಗೆ ಬೇಸರವಾಗಿದೆ, ಮಕ್ಕಳಿಗೆ ಅದೇ ರುಚಿ ಎನ್ನುತ್ತಾರೆ.

ಮಂಗಳೂರಿನ ಕಡೆಯವರು ಒಂದು ಮಾತು ತಿಳಿಸಬೇಕು. ತುಳುವಿನಲ್ಲಿ, ಕೊಂಕಣಿಯಲ್ಲಿ ಆ ಜಾಗಕ್ಕೆ ಮನೆಮಾತಿನ ಬೇರೆ ಹೆಸರಿದೆಯೇ? ಚಿತ್ರದುರ್ಗದವರೂ ಹೇಳಿ: ನಿಮ್ಮ ಹಿರಿಯರ ಬಾಯಲ್ಲಿ ಬತೇರಿ ಎಂದರೆ ಇಡೀ ಬುರುಜೇ, ಅದರ ಮೇಲಿನ ಫಿರಂಗಿ ಕಟ್ಟೆ ಮಾತ್ರವೇ? ಹೊತ್ತಗೆ ಅಚ್ಚಿಗೆ ಹೋಗಲು ಇನ್ನು ಹತ್ತು ದಿನವಿದೆ.